ತಿಂಗಳ ಸಂಬಳ, ವರ್ಷದ ಖರ್ಚು

ಮೈಸೂರಿನ ಬನ್ನಿಮಂಟಪದಲ್ಲಿ ಎಲ್ಲರ ಕೈಗೂ ಒಂದೇ ದಿನ ದುಡ್ಡು ಬರುವುದಿಲ್ಲ. ಸಾರಿಗೆ ಡಿಪೋದ ನೌಕರರದು ಒಂದು ತಾರೀಖು, ವೈದ್ಯಕೀಯ ಕಾಲೇಜಿನ ಸಿಬ್ಬಂದಿಯದು ಇನ್ನೊಂದು, ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗಳಲ್ಲಿ ಏಳೋ ಹತ್ತೋ. ಮನೆಯಲ್ಲೇ ರವಿಕೆ ಹೊಲಿಯುವವರಿಗೆ, ಊದುಬತ್ತಿ ಹೊಸೆಯುವವರಿಗೆ, ಬೀಡಿ ಕಟ್ಟುವವರಿಗೆ ಮಾಲು ಒಪ್ಪಿಸಿದ ದಿನವೇ ಸಂಬಳದ ದಿನ. ಆಟೋ ಓಡಿಸುವವರಿಗೆ ಅಂದಂದಿನದು ಅಂದಂದಿಗೆ. ದುಡ್ಡು ಮುಗಿಯುವ ದಿನ ಮಾತ್ರ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ, ಇಪ್ಪತ್ತನೇ ತಾರೀಖಿನ ಆಚೀಚೆ. ಅಲ್ಲಿಂದ ಮುಂದೆ ಅಂಗಡಿಯಲ್ಲಿ ಲೆಕ್ಕ ಬರೆಸುವುದು, ಪಕ್ಕದ ಮನೆಯವರಿಂದ ಕೈಸಾಲ, ಓಲೆಯೋ ಸರವೋ ಗಿರವಿ ಅಂಗಡಿಗೆ.

ಇದನ್ನು ಕಂಡವರು ಕೊಡುವ ಬುದ್ಧಿಮಾತು ಸಾಮಾನ್ಯವಾಗಿ ಒಂದೇ: ದುಂದು ಕಡಿಮೆ ಮಾಡಿ, ಹೋಟೆಲ್ ಕಾಫಿ ಬಿಡಿ, ಸಿನಿಮಾ ಬಿಡಿ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಇಪ್ಪತ್ತೈದು ಮೂವತ್ತು ಸಾವಿರದಲ್ಲಿ ನಾಲ್ಕು ಜನರ ಸಂಸಾರ ತೂಗಿಸುವ ಮನೆಗಳಲ್ಲಿ ದುಂದಿಗೆ ಜಾಗವೇ ಇರುವುದಿಲ್ಲ. ಅಲ್ಲಿ ಕೈ ಬರಿದಾಗಲು ಕಾರಣ ಬೇರೆ. ಸಂಬಳ ತಿಂಗಳಿಗೊಮ್ಮೆ ಬರುತ್ತದೆ, ದೊಡ್ಡ ಖರ್ಚುಗಳು ವರ್ಷಕ್ಕೊಮ್ಮೆ ಬರುತ್ತವೆ. ನಾವು ತಿಂಗಳ ಲೆಕ್ಕ ಮಾತ್ರ ಹಾಕುತ್ತೇವೆ. ವರ್ಷದ ಖರ್ಚು ಎದುರಾದಾಗಲೆಲ್ಲ ಅದನ್ನು ‘ಅಚಾನಕ್ಕಾಗಿ ಬಂತು’ ಎಂದು ಸಾಲದಲ್ಲಿ ತೂಗಿಸುತ್ತೇವೆ. ಆ ಸಾಲದ ಕಂತು ಮುಂದಿನ ತಿಂಗಳುಗಳ ಸಂಬಳವನ್ನು ಮೊದಲೇ ತಿಂದುಬಿಡುತ್ತದೆ.

ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮನೆ ಕಲ್ಪಿತ, ಲೆಕ್ಕ ಮಾತ್ರ ಎಷ್ಟೋ ಮನೆಗಳದ್ದು. ಗಂಡ ವರ್ಕ್‌ಶಾಪಿನಲ್ಲಿ ಫಿಟ್ಟರ್. ಸಂಬಳ 20,000, ಪಿಎಫ್ ಮತ್ತು ಇಎಸ್‌ಐ ಕಳೆದು ಕೈಗೆ 18,000. ಹೆಂಡತಿ ಹೊಲಿಗೆಯಿಂದ ಸರಾಸರಿ 8,000 ದುಡಿಯುತ್ತಾರೆ. ಒಟ್ಟು 26,000. ಇಬ್ಬರು ಮಕ್ಕಳು. ತಿಂಗಳ ಖರ್ಚು ಹೀಗೆ: ಬಾಡಿಗೆ 7,000, ದಿನಸಿ 5,000, ಹಾಲು ತರಕಾರಿ 4,000, ಗ್ಯಾಸು ನೀರು ಫೋನು 1,500, ಪೆಟ್ರೋಲು 2,000, ಸಾಲದ ಕಂತು ಮತ್ತು ಬಡ್ಡಿ 4,000, ಚಿಲ್ಲರೆ 1,500. ಕೂಡಿದರೆ 25,000. ಸಾವಿರ ರೂಪಾಯಿ ಉಳಿಯಬೇಕು. ಉಳಿಯುವುದಿಲ್ಲ.

ಯಾಕೆಂದರೆ ಈ ಪಟ್ಟಿಗೆ ಬಾರದ ಖರ್ಚುಗಳಿವೆ. ಜೂನ್‌ನಲ್ಲಿ ಇಬ್ಬರ ಶಾಲೆ ಫೀಸು, ಪುಸ್ತಕ, ಯೂನಿಫಾರಂ, ಬೂಟು ಸೇರಿ 24,000. ವರಮಹಾಲಕ್ಷ್ಮಿಯಿಂದ ದೀಪಾವಳಿಯವರೆಗಿನ ಹಬ್ಬಗಳಿಗೆ 12,000. ಜೀವ ವಿಮೆಯ ಪ್ರೀಮಿಯಂ 9,000. ಊರ ಜಾತ್ರೆ, ನೆಂಟರ ಮದುವೆ, ಮುಯ್ಯಿ 8,000. ಕಾಯಿಲೆ ಕಸಾಲೆಗೆ 6,000. ಮಿಕ್ಸಿ, ಹೊಲಿಗೆ ಮಿಷನ್ನು, ಬೈಕಿನ ರಿಪೇರಿ 4,500. ಬೈಕಿನ ವಿಮೆ, ಹೊಗೆ ತಪಾಸಣೆ 2,500. ಒಟ್ಟು 66,000, ಅಂದರೆ ತಿಂಗಳಿಗೆ 5,500. ಸಾವಿರ ಉಳಿತಾಯ ಎಂದು ಕಂಡ ಮನೆಯಲ್ಲಿ ನಿಜವಾಗಿ ಇರುವುದು ತಿಂಗಳಿಗೆ 4,500ರ ಕೊರತೆ, ವರ್ಷಕ್ಕೆ 54,000.

ಇದರಲ್ಲಿ ಒಂದು ಭಾಗ ತುಂಬಿಕೊಳ್ಳುತ್ತದೆ. ಅರ್ಹ ಕಾರ್ಮಿಕರಿಗೆ ಕಾನೂನಿನಂತೆ ಸಿಗಬೇಕಾದ ಕನಿಷ್ಠ 8.33 ಶೇಕಡಾ ಬೋನಸ್ 7,000ದ ಆಸುಪಾಸು ಬರುತ್ತದೆ. 2023ರ ಆಗಸ್ಟ್ 30ರಂದು ನಮ್ಮ ಮೈಸೂರಿನಲ್ಲೇ ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆಯ 2,000 ಎಲ್ಲ ತಿಂಗಳೂ ಬಂದರೆ 24,000. ಎರಡೂ ಸೇರಿ 31,000 ಹೋದರೂ ವರ್ಷಕ್ಕೆ 23,000ದ ಹಳ್ಳ ಹಾಗೇ ಉಳಿಯುತ್ತದೆ. ಅಷ್ಟಕ್ಕೆ ಪ್ರತಿ ವರ್ಷ ಹೊಸ ಸಾಲ. ಈ 23,000 ಎಲ್ಲಿಂದ ಎಂಬುದೇ ಈ ಮನೆಯ ಪ್ರಶ್ನೆ, ಹೋಟೆಲ್ ಕಾಫಿಯಲ್ಲ.

ಮೊದಲು ನಿಮ್ಮ ಮನೆಯ ಅಂಥದೊಂದು ಪಟ್ಟಿ ಬರೆಯಿರಿ. ಗೋಡೆಗೆ ತೂಗುಹಾಕುವ ಕ್ಯಾಲೆಂಡರಿನಲ್ಲೇ ಸಾಕು. ಹೋದ ವರ್ಷ ಯಾವ ತಿಂಗಳಲ್ಲಿ ಸಾಲ ಮಾಡಿದಿರಿ, ಯಾವುದಕ್ಕೆ, ಎಷ್ಟು? ಗಂಡ ಹೆಂಡತಿ ಇಬ್ಬರೂ ಕೂತು ನೆನಪಿಸಿಕೊಂಡರೆ ಮುಕ್ಕಾಲು ಪಾಲು ಸಿಗುತ್ತದೆ. ಮದುವೆ ಮುಂಜಿಯ ಖರ್ಚು ಮುಯ್ಯಿ ಪುಸ್ತಕದಲ್ಲೇ ಇರುತ್ತದೆ. ಇಬ್ಬರೂ ಕೂರಬೇಕು ಎಂದು ಒತ್ತಿ ಹೇಳುತ್ತೇನೆ. ಸಂಘದಿಂದ ಹೆಂಡತಿ ತಂದದ್ದು ಗಂಡನಿಗೆ ಗೊತ್ತಿಲ್ಲ, ಗೆಳೆಯರಿಂದ ಗಂಡ ತಂದದ್ದು ಹೆಂಡತಿಗೆ ಗೊತ್ತಿಲ್ಲ ಎನ್ನುವ ಮನೆಯಲ್ಲಿ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಆದಾಯದ ಏರಿಳಿತವೂ ಆ ಕ್ಯಾಲೆಂಡರಿನಲ್ಲಿ ಬರಲಿ. ಹೊಲಿಗೆಯವರಿಗೆ ಆಷಾಢ ಬರಗಾಲ, ಮದುವೆ ಇಲ್ಲ, ರವಿಕೆ ಇಲ್ಲ. ಶ್ರಾವಣ ಬಂದರೆ ರಾತ್ರಿ ಹನ್ನೊಂದಾದರೂ ಮಿಷನ್ನು ನಿಲ್ಲುವುದಿಲ್ಲ. ಆಟೋದವರಿಗೆ, ತಿಂಡಿ ಗಾಡಿಯವರಿಗೆ ದಸರಾದ ಹತ್ತು ದಿನ ಬೇರೆಯೇ ಲೆಕ್ಕ. ಶಾಲೆ ಫೀಸು ಕಟ್ಟಿದ ಬೆನ್ನಿಗೇ ಆಷಾಢ ಬರುವುದರಿಂದ ಹೊಲಿಗೆಯ ಮನೆಗಳಿಗೆ ಅವು ವರ್ಷದ ಅತಿ ಕಠಿಣ ಎರಡು ತಿಂಗಳು. ಇಂಥ ಮನೆಗಳು ಸರಾಸರಿ ಆದಾಯ ನಂಬಿ ಕಂತು ಒಪ್ಪಿಕೊಳ್ಳಬಾರದು. ಆಷಾಢದಲ್ಲಿ ಎಷ್ಟು ಬರುತ್ತದೋ ಅಷ್ಟರಲ್ಲಿ ಕಟ್ಟಲು ಆಗುವ ಕಂತು ಮಾತ್ರ ನಿಮ್ಮ ಕಂತು. ಇನ್ನೊಂದು ಮಾತು. ರಂಜಾನ್, ಬಕ್ರೀದ್ ಆಚರಿಸುವ ಮನೆಗಳ ಕ್ಯಾಲೆಂಡರನ್ನು ಪ್ರತಿ ವರ್ಷ ಹೊಸದಾಗಿ ಬರೆಯಬೇಕು. ಹಬ್ಬ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ, ಕೆಲವು ವರ್ಷಗಳಲ್ಲಿ ಶಾಲೆ ಫೀಸಿನ ತಿಂಗಳಿಗೇ ಬಂದು ಸೇರುತ್ತದೆ.

ಕೈಗೆ ಬರುವ ಮೊದಲೇ

ಪಟ್ಟಿ ಬರೆದವರೆಲ್ಲ ದುಡ್ಡು ಉಳಿಸುವುದಿಲ್ಲ. ತಿಂಗಳ ಕೊನೆಗೆ ಮಿಕ್ಕದ್ದನ್ನು ಎತ್ತಿಡೋಣ ಎಂದರೆ ಮಿಕ್ಕುವುದೇ ಇಲ್ಲ. ಮೈಸೂರು ಸಂಸ್ಥಾನಕ್ಕೆ ಇದು ಬಹಳ ಹಿಂದೆಯೇ ಗೊತ್ತಿತ್ತು. 1891ರಲ್ಲಿ ಇಲ್ಲಿ ಶುರುವಾದ ಸರ್ಕಾರಿ ವಿಮಾ ವ್ಯವಸ್ಥೆಯೇ ಇಂದಿನ ಕೆಜಿಐಡಿ. ರಾಜ್ಯ ಸರ್ಕಾರಿ ನೌಕರರಿಗೆ ಅದು ಕಡ್ಡಾಯ, ಕಂತು ಸಂಬಳದಲ್ಲೇ ಮುರಿದುಹೋಗುತ್ತದೆ. ನಿವೃತ್ತರಾದ ಗುಮಾಸ್ತರನ್ನು ಕೇಳಿ ನೋಡಿ, ಮಗಳ ಮದುವೆಗೆ ಒದಗಿದ್ದು ಕೈಗೆ ಬಾರದೆ ಮುರಿದುಹೋದ ದುಡ್ಡೇ ಎನ್ನುತ್ತಾರೆ. ಖಾಸಗಿ ಕೆಲಸದವರು, ಸ್ವಂತ ದುಡಿಮೆಯವರು ಆ ಕಟ್ಟುಪಾಡನ್ನು ತಾವೇ ಮಾಡಿಕೊಳ್ಳಬೇಕು.

ಇದಕ್ಕೆ ಎರಡು ಬ್ಯಾಂಕ್ ಖಾತೆ ಇದ್ದರೆ ಸಾಕು. ಸಂಬಳ ಬೀಳುವ ಖಾತೆ ಒಂದು, ಮನೆಖರ್ಚಿನದು ಇನ್ನೊಂದು. ಎರಡನೆಯದಕ್ಕೆ ಜನಧನ ಖಾತೆಯಾದರೆ ಕನಿಷ್ಠ ಬಾಕಿ ಇಡಬೇಕೆಂಬ ತಾಪತ್ರಯವಿಲ್ಲ. ಫೋನ್‌ಪೇ, ಗೂಗಲ್‌ಪೇ ಯಾವುದಿದ್ದರೂ ಮನೆಖರ್ಚಿನ ಖಾತೆಗೆ ಮಾತ್ರ ಜೋಡಿಸಿ. ಸಂಬಳ ಬಂದ ದಿನ ಬಾಡಿಗೆ, ಕಂತು ತೀರಿಸಿ, ವರ್ಷದ ಪಾಲು ತೆಗೆದಿಟ್ಟು, ಉಳಿದದ್ದನ್ನು ನಾಲ್ಕು ಭಾಗ ಮಾಡಿ ವಾರಕ್ಕೊಂದು ಭಾಗ ಆ ಖಾತೆಗೆ ಹಾಕಿ. ಶುಕ್ರವಾರ ಖಾಲಿಯಾದರೆ ಸೋಮವಾರದವರೆಗೆ ಬಿಗಿ ಹಿಡಿದರಾಯಿತು. ಇಪ್ಪತ್ತನೇ ತಾರೀಖಿನ ಸಂಕಟಕ್ಕಿಂತ ಮೂರು ದಿನದ ಬಿಗಿ ಎಷ್ಟೋ ಹಗುರ.

ವರ್ಷದ ಪಾಲು ಎಲ್ಲಿಡಬೇಕು? ಅಂಚೆ ಕಚೇರಿಯ ಆರ್‌ಡಿ ಒಳ್ಳೆಯದೇ, ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು. ಆದರೆ ಅದರ ಅವಧಿ 5 ವರ್ಷ, ಮೂರು ವರ್ಷ ತುಂಬುವ ಮೊದಲು ಮುರಿಯಲು ಬರುವುದಿಲ್ಲ. ಜೂನ್‌ನ ಫೀಸಿಗೆ ಅದು ಒದಗದು. ಬ್ಯಾಂಕಿನಲ್ಲಿ 6 ಅಥವಾ 12 ತಿಂಗಳ ಆರ್‌ಡಿ ತೆರೆದು, ಮೇ ತಿಂಗಳಲ್ಲಿ ಕೈಸೇರುವಂತೆ ಅವಧಿ ಹೊಂದಿಸಿ. ಹಬ್ಬಕ್ಕೆ ಬೇರೆ ಆರ್‌ಡಿ, ಆಗಸ್ಟ್‌ಗೆ ಮುಗಿಯುವಂತೆ. ಗೃಹಲಕ್ಷ್ಮಿಯ ದುಡ್ಡನ್ನು ತಿಂಗಳ ಖರ್ಚಿಗೆ ನಂಬಬೇಡಿ. ಅದು ಕೆಲವೊಮ್ಮೆ ತಡವಾಗುತ್ತದೆ, ಎರಡು ತಿಂಗಳದ್ದು ಒಟ್ಟಿಗೇ ಬರುತ್ತದೆ. ಬಂದದ್ದು ಬಂದ ಹಾಗೆ ವರ್ಷದ ಪಾಲಿಗೆ ಹೋಗಲಿ.

ತಾರೀಖುಗಳ ವಿಷಯ ಸಣ್ಣದಾಗಿ ಕಂಡರೂ ಬಹಳ ಮನೆಗಳ ದುಡ್ಡು ಅಲ್ಲಿ ಸೋರುತ್ತದೆ. ಸಂಬಳ ಏಳಕ್ಕೆ, ಬೈಕಿನ ಕಂತು ಐದಕ್ಕೆ ಎಂದಿದ್ದರೆ ಪ್ರತಿ ತಿಂಗಳೂ ಕಂತು ವಾಪಸಾಗುವ ಅಪಾಯ. ವಾಪಸಾದರೆ ಬ್ಯಾಂಕಿನ ದಂಡ ಒಂದು, ಸಾಲ ಕೊಟ್ಟವರ ದಂಡ ಇನ್ನೊಂದು, ಜೊತೆಗೆ ಸಿಬಿಲ್ ದಾಖಲೆಗೂ ಪೆಟ್ಟು. ಸಾಲ ಕೊಟ್ಟ ಕಂಪನಿಗೆ ಅರ್ಜಿ ಬರೆದು ಕಂತಿನ ತಾರೀಖನ್ನು ಹತ್ತಕ್ಕೆ ಬದಲಿಸಲು ಕೇಳಿ. ಕೇಳುವವರು ಕಡಿಮೆ.

ಯಾವ ಸಾಲ ಮೊದಲು ತೀರಬೇಕು

ನಮ್ಮ ಉದಾಹರಣೆಯ ಮನೆಯ 4,000ಕ್ಕೆ ಬರೋಣ. ಅದರಲ್ಲಿ 2,800 ಸಂಘದ ಸಾಲದ ಕಂತು. ಉಳಿದ 1,200 ಗಿರವಿ ಇಟ್ಟ ಸರದ ಬಡ್ಡಿ. 40,000ಕ್ಕೆ ‘ನೂರಕ್ಕೆ ಮೂರು ರೂಪಾಯಿ’. ಮೂರು ರೂಪಾಯಿ ಎಂದರೆ ಕಿವಿಗೆ ಹಗುರವಾಗಿ ಕೇಳುತ್ತದೆ. ಅದು ತಿಂಗಳಿಗೆ, ವರ್ಷಕ್ಕೆ ನೂರಕ್ಕೆ 36. ಈ ಮನೆ ವರ್ಷಕ್ಕೆ 14,400 ರೂಪಾಯಿ ಕಟ್ಟಿದರೂ ಅಸಲಿನಲ್ಲಿ ಒಂದು ರೂಪಾಯಿ ಕರಗುವುದಿಲ್ಲ. ಅದೇ ಸರವನ್ನು ಬಿಡಿಸಿ ರಾಷ್ಟ್ರೀಕೃತ ಬ್ಯಾಂಕಿನಲ್ಲೋ ಒಳ್ಳೆಯ ಸಹಕಾರ ಬ್ಯಾಂಕಿನಲ್ಲೋ ಚಿನ್ನದ ಸಾಲ ಮಾಡಿದರೆ ಬಡ್ಡಿ ವರ್ಷಕ್ಕೆ ನೂರಕ್ಕೆ ಹತ್ತರ ಆಸುಪಾಸು, ಅಂದರೆ 4,000. ಈ ಒಂದು ಬದಲಾವಣೆಯಲ್ಲೇ ಉಳಿಯುವುದು 10,400. ಬಿಡಿಸುವ ದಿನ ಒಟ್ಟು ದುಡ್ಡು ಬೇಕಲ್ಲ ಎನ್ನುವುದು ನಿಜವಾದ ತೊಡಕು. ಅಣ್ಣನಿಂದಲೋ ಅಕ್ಕನಿಂದಲೋ ಎರಡು ದಿನದ ಮಟ್ಟಿಗೆ ಕೈಸಾಲ ಕೇಳಲು ಇದಕ್ಕಿಂತ ಒಳ್ಳೆಯ ಕಾರಣ ಬೇರೆ ಇಲ್ಲ.

ಬಡ್ಡಿಯನ್ನು ಹೇಳುವ ಬಗೆಯಲ್ಲೇ ಎಷ್ಟೋ ಮರೆಯಾಗುತ್ತದೆ. 50,000 ಸಾಲ, ‘ವರ್ಷಕ್ಕೆ 12 ಪರ್ಸೆಂಟ್ ಫ್ಲ್ಯಾಟ್’, ಎರಡು ವರ್ಷ ಎಂದರೆ ತಿಂಗಳ ಕಂತು 2,583. ತಿಂಗಳು ತಿಂಗಳು ಅಸಲು ಕಡಿಮೆಯಾಗುತ್ತಿದ್ದರೂ ಪೂರ್ತಿ 50,000ಕ್ಕೇ ಬಡ್ಡಿ ಹಾಕಿರುತ್ತಾರೆ. ನಿಜವಾದ ದರ ಇಪ್ಪತ್ತೊಂದಕ್ಕೂ ಮೇಲೆ. ಮಂಡಿಯಲ್ಲಿ, ಮಾರುಕಟ್ಟೆಯಲ್ಲಿ ನಡೆಯುವ ದಿನದ ವಸೂಲಿ ಇದಕ್ಕಿಂತ ಕ್ರೂರ. 10,000 ಸಾಲವೆಂದು ಬರೆದು 9,000 ಕೈಗೆ ಕೊಟ್ಟು, ದಿನಕ್ಕೆ 100ರಂತೆ ನೂರು ದಿನ ವಸೂಲಿ ಮಾಡಿದರೆ ಅದು ವರ್ಷಕ್ಕೆ ನೂರಕ್ಕೆ ಎಪ್ಪತ್ತೈದನ್ನು ಮೀರುವ ಬಡ್ಡಿ. ಮೀಟರ್ ಬಡ್ಡಿ ಇನ್ನೂ ಮೇಲಿನದು. ಕ್ರೆಡಿಟ್ ಕಾರ್ಡಿನಲ್ಲಿ ‘ಕನಿಷ್ಠ ಬಾಕಿ’ ಮಾತ್ರ ಕಟ್ಟುತ್ತ ಹೋದರೆ ಉಳಿದದ್ದಕ್ಕೆ ತಿಂಗಳಿಗೆ ಮೂರೂವರೆ ಪರ್ಸೆಂಟ್‌ನ ಆಸುಪಾಸು ಬೀಳುತ್ತದೆ, ವರ್ಷಕ್ಕೆ 42ರ ಹತ್ತಿರ. ಆದ್ದರಿಂದ ಎಲ್ಲ ಸಾಲವನ್ನೂ ವರ್ಷದ ಬಡ್ಡಿಗೆ ತಿರುಗಿಸಿ, ಒಂದರ ಕೆಳಗೊಂದು ಬರೆದು, ಅತಿ ದುಬಾರಿಯದನ್ನು ಮೊದಲು ಮುಗಿಸಿ. ಮನೆ ಬಾಗಿಲಿಗೆ ಬಂದು ಹೆಚ್ಚು ಗಲಾಟೆ ಮಾಡುವವರ ಸಾಲ ಮೊದಲು ತೀರಿಸುವುದು ನಮ್ಮಲ್ಲಿ ರೂಢಿ. ಅದರಿಂದ ಮರ್ಯಾದೆ ಉಳಿಯಿತು ಎನಿಸುತ್ತದೆ, ದುಡ್ಡು ಉಳಿಯುವುದಿಲ್ಲ.

ಸಂಘದ ಸಾಲದ, ಅಂದರೆ ಮೈಕ್ರೋಫೈನಾನ್ಸ್ ಕಂಪನಿಗಳ ಗುಂಪು ಸಾಲದ, ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮೈಕ್ರೋಫೈನಾನ್ಸ್ ಕಂತಿನ ಕಿರುಕುಳಕ್ಕೆ ಮೈಸೂರು, ಚಾಮರಾಜನಗರ ಸೀಮೆಯ ಹಳ್ಳಿಗಳಲ್ಲಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ 2025ರ ಜನವರಿಯಲ್ಲಿ ರಾಜ್ಯವನ್ನೇ ಕಲಕಿತು. ಫೆಬ್ರವರಿ 12ರಂದು ಸುಗ್ರೀವಾಜ್ಞೆ ಬಂತು, ಆಮೇಲೆ ಅದೇ ಕಾಯ್ದೆಯಾಯಿತು. ನೋಂದಣಿಯಿಲ್ಲದೆ ಸಾಲ ಕೊಟ್ಟು ಬಲವಂತದಿಂದ ವಸೂಲಿ ಮಾಡುವವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಗಳಿಗೆ ಬೇರೆ ನಿಯಮ, 2022ರಿಂದ ಜಾರಿಯಲ್ಲಿದೆ. ವರ್ಷಕ್ಕೆ 3 ಲಕ್ಷದೊಳಗಿನ ಆದಾಯದ ಕುಟುಂಬಕ್ಕೆ ಈ ಸಾಲ ಕೊಡುವಾಗ ಅಡವು ಕೇಳುವಂತಿಲ್ಲ. ಆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತಿಲ್ಲ. ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ವಸೂಲಿಗೆ ಕರೆ ಮಾಡುವಂತಿಲ್ಲ. ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಈ ಕೊನೆಯದನ್ನು ಬೋನಸ್ ಬಂದಾಗ ನೆನಪಿಡಿ.

ಅರ್ಧ ಎಂಬುದು ಕಾನೂನಿನ ಗೆರೆ. ಬಾಡಿಗೆ ಮನೆಯವರಿಗೆ ಅದು ಬಹಳ ದೂರದ ಗೆರೆ ಎಂದು ನನ್ನ ಅಭಿಪ್ರಾಯ. 26,000 ಆದಾಯದ ಮನೆ 13,000 ಕಂತು ಕಟ್ಟಿದರೆ ಬಾಡಿಗೆ ಕಳೆದು ಉಳಿಯುವುದು 6,000. ಐದರಲ್ಲಿ ಒಂದು ಪಾಲು ದಾಟಿದರೇ ಹುಷಾರಾಗಬೇಕು. ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ಸಾಲ ಎತ್ತುವ ಹಂತಕ್ಕೆ ಬಂದಿದ್ದರೆ ಮೂರನೆಯದಕ್ಕೆ ಹೋಗುವ ಬದಲು ಮೊದಲ ಕಂಪನಿಯ ಶಾಖೆಗೆ ಹೋಗಿ ಅವಧಿ ಹೆಚ್ಚಿಸಿ ಕಂತು ಇಳಿಸಲು ಲಿಖಿತವಾಗಿ ಕೇಳಿ. ಕಂತು ತಪ್ಪಿದ ಮೇಲೆ ಕೇಳುವುದಕ್ಕಿಂತ ತಪ್ಪುವ ಮೊದಲು ಕೇಳಿದವರ ಮಾತಿಗೆ ತೂಕ ಹೆಚ್ಚು. ಗುಂಪಿನ ಸಾಲದಲ್ಲಿ ನಿಮ್ಮ ಕಂತು ತಪ್ಪಿದರೆ ಭಾರ ಬೀಳುವುದು ಜೊತೆಯ ಹೆಣ್ಣುಮಕ್ಕಳ ಮೇಲೆ, ಅವರಿಗೂ ಮುಂಚಿತವಾಗಿ ಹೇಳಿಬಿಡಿ. ಕಂಪನಿ ನಿಮ್ಮ ದೂರಿಗೆ ಸ್ಪಂದಿಸದಿದ್ದರೆ ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448ರಲ್ಲಿ ಒಂಬುಡ್ಸ್‌ಮನ್ ಮೊರೆ ಹೋಗುವ ದಾರಿ ತಿಳಿಸುತ್ತಾರೆ.

ಫೋನಿನ ಸಾಲದ ಆ್ಯಪ್‌ಗಳ ವಿಷಯ ಚಿಕ್ಕದು. ಫೋಟೋ, ಫೋನ್ ನಂಬರುಗಳ ಪಟ್ಟಿ ನೋಡಲು ಅನುಮತಿ ಕೇಳುವ ಸಾಲದ ಆ್ಯಪನ್ನು ಆ ಕ್ಷಣವೇ ತೆಗೆದುಹಾಕಿ. ಹಾಗೆ ಕೇಳುವುದೇ ರಿಸರ್ವ್ ಬ್ಯಾಂಕಿನ ನಿಯಮಕ್ಕೆ ವಿರುದ್ಧ. ಬೆದರಿಕೆ ಬಂದರೆ 1930ಕ್ಕೆ ಕರೆ ಮಾಡಿ.

ಚೀಟಿಯನ್ನು ನಾನು ಬೇಡವೆನ್ನುವುದಿಲ್ಲ. ಬ್ಯಾಂಕಿಗೆ ಹೋಗಲು ಹಿಂಜರಿಯುತ್ತಿದ್ದ ತಲೆಮಾರಿಗೆ ಉಳಿತಾಯ ಕಲಿಸಿದ್ದೇ ಚೀಟಿ. ಆದರೆ ರಾಜ್ಯ ಸರ್ಕಾರದ ಎಂಎಸ್‌ಐಎಲ್‌ನಂಥ ನೋಂದಾಯಿತ ಚೀಟಿಗೂ ಬೀದಿಯ ಪರಿಚಯಸ್ಥರು ನಡೆಸುವ ಚೀಟಿಗೂ ಬಹಳ ಅಂತರವಿದೆ. 1982ರ ಚಿಟ್ ಫಂಡ್ ಕಾಯ್ದೆಯಡಿ ನಡೆಸುವವರ ಕಮಿಷನ್ 7 ಶೇಕಡಾ ಮೀರುವಂತಿಲ್ಲ, ಪ್ರತಿ ಚೀಟಿಗೂ ರಿಜಿಸ್ಟ್ರಾರರ ಅನುಮತಿ ಇರಬೇಕು. ಆ ಕಾಗದ ತೋರಿಸಿ ಎಂದರೆ ಮುಖ ಸಿಂಡರಿಸುವವರ ಬಳಿ ಕಟ್ಟಬೇಡಿ. ಲಕ್ಷದ ಚೀಟಿಯನ್ನು ಮೊದಲ ತಿಂಗಳುಗಳಲ್ಲೇ 75,000ಕ್ಕೆ ಕೂಗಿ ಎತ್ತಿದರೆ ಅದು ಉಳಿತಾಯವಲ್ಲ, 25,000 ಬಡ್ಡಿಯನ್ನು ಮುಂಗಡವಾಗಿ ಮುರಿದುಕೊಟ್ಟ ಸಾಲ.

ಕಟ್ಟಿಯೂ ಬಳಸದ ದುಡ್ಡು

ಬನ್ನಿಮಂಟಪದ ಹೆದ್ದಾರಿಯ ಮೇಲೆ ಎಲ್‌ಐಸಿಯ ವಿಭಾಗೀಯ ಕಚೇರಿಯೇ ಇದೆ, ಈ ಬಡಾವಣೆಯಲ್ಲಿ ಪಾಲಿಸಿ ಇಲ್ಲದ ಮನೆ ಅಪರೂಪ. ಪ್ರೀಮಿಯಂ ತಾರೀಖು ಮೀರಿತೆಂದು ಗಾಬರಿಯಿಂದ ಸಾಲ ಮಾಡಬೇಡಿ. ಮೂರು ತಿಂಗಳು, ಆರು ತಿಂಗಳು, ವರ್ಷದ ಕಂತುಗಳಿಗೆ ಸಾಮಾನ್ಯವಾಗಿ 30 ದಿನದ ರಿಯಾಯಿತಿ ಅವಧಿ ಇರುತ್ತದೆ. ದುಡಿಯುವವರಿಗೆ ಏನಾದರೂ ಆದರೆ ಮನೆ ನಿಲ್ಲುವಷ್ಟು ಮೊತ್ತದ ವಿಮೆ ಇದೆಯೇ ಎಂಬುದನ್ನೂ ನೋಡಿಕೊಳ್ಳಿ. ಪ್ರಧಾನಮಂತ್ರಿ ಜೀವನ್ ಜ್ಯೋತಿಗೆ ವರ್ಷಕ್ಕೆ 436, ಸುರಕ್ಷಾ ಅಪಘಾತ ವಿಮೆಗೆ 20 ರೂಪಾಯಿ, ಎರಡಕ್ಕೂ 2 ಲಕ್ಷದ ರಕ್ಷಣೆ. ಮೇ ಕೊನೆಯ ವಾರ ಖಾತೆಯಲ್ಲಿ 456 ರೂಪಾಯಿ ಇಲ್ಲದ್ದಕ್ಕೇ ಇವು ತಪ್ಪಿಹೋಗುತ್ತವೆ.

ಇನ್ನು ಇಎಸ್‌ಐ. ತಿಂಗಳಿಗೆ 21,000ವರೆಗಿನ ಸಂಬಳದಲ್ಲಿ ಕಾರ್ಮಿಕರ ಪಾಲು 0.75 ಶೇಕಡಾ, ಮಾಲೀಕರದು 3.25. ನಮ್ಮ ಫಿಟ್ಟರ್ ತಿಂಗಳಿಗೆ 150 ರೂಪಾಯಿ ಕಟ್ಟುತ್ತಲೇ ಇದ್ದಾರೆ. ಮಗುವಿಗೆ ಜ್ವರ ಬಂದರೆ ಮಾತ್ರ ಖಾಸಗಿ ಕ್ಲಿನಿಕ್ಕಿಗೆ ಹೋಗಿ ಇನ್ನೊಮ್ಮೆ ದುಡ್ಡು ಕೊಡುತ್ತಾರೆ. ಹೆಂಡತಿ ಮಕ್ಕಳ ಹೆಸರು ಇಎಸ್‌ಐಗೆ ಸೇರಿಸಿದ್ದರೆ ಡಿಸ್ಪೆನ್ಸರಿಯ ಔಷಧ, ಕೆಆರ್‌ಎಸ್ ರಸ್ತೆಯ ಇಎಸ್‌ಐ ಆಸ್ಪತ್ರೆಯ ಚಿಕಿತ್ಸೆ ಅವರಿಗೂ ಇದೆ. ಕಾರ್ಮಿಕರೇ ಕಾಯಿಲೆ ಬಿದ್ದು ಕೆಲಸಕ್ಕೆ ಹೋಗಲಾಗದಿದ್ದರೆ ವರ್ಷದಲ್ಲಿ 91 ದಿನದವರೆಗೆ ಕೂಲಿಯ 70 ಶೇಕಡಾ ಸಿಗುತ್ತದೆ. ಸರದಿಯಲ್ಲಿ ಕಾಯಬೇಕು, ಅರ್ಧ ದಿನ ಹೋಗಬಹುದು. ಆದರೂ ವರ್ಷದ 6,000ದಲ್ಲಿ 4,000 ಉಳಿದರೆ ಆ ಕಾಯುವಿಕೆಗೆ ಬೆಲೆಯಿದೆ.

ಈಗ 23,000ದ ಹಳ್ಳಕ್ಕೆ ಮರಳಿದರೆ, ಸರವನ್ನು ಬ್ಯಾಂಕಿಗೆ ಬದಲಿಸಿ 10,400, ಇಎಸ್‌ಐಯಿಂದ 4,000. ಉಳಿದದ್ದು 8,600. ಇದನ್ನು ಖರ್ಚು ಕಡಿದು ತುಂಬಲು ಹೊರಟರೆ ಮಕ್ಕಳ ಹಾಲಿಗೇ ಕತ್ತರಿ ಬೀಳುತ್ತದೆ. ಸಂತೇಪೇಟೆಯಲ್ಲಿ ತಿಂಗಳ ದಿನಸಿ ಒಟ್ಟಿಗೆ ಕೊಂಡರೆ ಒಂದಿಷ್ಟು ಉಳಿಯುತ್ತದೆ ನಿಜ. ನಾನು ನೋಡುವುದು ದುಡಿಮೆಯ ಕಡೆ. ನಮ್ಮ ಹೊಲಿಗೆಯವರು ದರ ಏರಿಸಿ ಎಷ್ಟು ವರ್ಷವಾಯಿತು? ನೂಲು, ಲೈನಿಂಗ್ ಬಟ್ಟೆ, ಬಾಡಿಗೆ ಎಲ್ಲ ಏರಿವೆ, ಅವರ ಕೂಲಿ ಮಾತ್ರ ಪರಿಚಯದ ಮುಲಾಜಿನಲ್ಲಿ ನಿಂತುಬಿಟ್ಟಿದೆ. ರವಿಕೆಗೆ 40 ರೂಪಾಯಿ ಏರಿಸಿದರೆ, ತಿಂಗಳಿಗೆ 20 ರವಿಕೆಯಂತೆ ವರ್ಷಕ್ಕೆ 9,600. ಹಳ್ಳ ಮುಚ್ಚಿತು. ಸಂಘದ ಸಾಲ ಮುಗಿದ ತಿಂಗಳಿಂದ ಅದೇ 2,800ನ್ನು ನಿಲ್ಲಿಸದೆ ಚಿನ್ನದ ಸಾಲದ ಅಸಲಿಗೆ ಕಟ್ಟಿದರೆ ಹದಿನೈದು ತಿಂಗಳೊಳಗೆ ಸರ ಮನೆಗೆ ಬರುತ್ತದೆ. ಆಮೇಲೆ ಆ 2,800 ಆಪತ್ತಿನ ದುಡ್ಡು. ಆರು ತಿಂಗಳ ಖರ್ಚು ಕೂಡಿಡಿ ಎಂದು ಪುಸ್ತಕಗಳು ಹೇಳುತ್ತವೆ. ಈ ಮನೆಗೆ ಅದು ಒಂದೂವರೆ ಲಕ್ಷ, ಕೇಳಿದರೇ ಕೈ ಚೆಲ್ಲುವಂಥ ಮೊತ್ತ. ಮೊದಲು 10,000 ಆಗಲಿ. ರಾತ್ರಿ ಆಸ್ಪತ್ರೆಗೆ ಓಡಬೇಕಾದಾಗ ಮೀಟರ್ ಬಡ್ಡಿಯವರ ಬಾಗಿಲು ತಟ್ಟದಿರಲು ಅಷ್ಟು ಸಾಕಾಗುತ್ತದೆ.

ಶುರು ಮಾಡಲು ಹದವಾದ ಕಾಲ ದೀಪಾವಳಿ ಕಳೆದ ಮೇಲಿನ ಕಾರ್ತಿಕ. ಬೋನಸ್ ಬಂದಿರುತ್ತದೆ, ಹಬ್ಬಗಳು ಮುಗಿದಿರುತ್ತವೆ, ಮುಂದಿನ ದೊಡ್ಡ ಖರ್ಚಿಗೆ ಮೇ ಕೊನೆಯವರೆಗೆ ಏಳು ತಿಂಗಳ ಬಿಡುವು. ತಿಂಗಳಿಗೆ 3,500 ತೆಗೆದಿಟ್ಟರೂ ಫೀಸಿನ 24,000 ಸಿದ್ಧವಾಗುತ್ತದೆ. ಇದನ್ನು ಓದುತ್ತಿರುವುದು ಯುಗಾದಿಯ ಹೊತ್ತಿಗಾದರೆ ಈ ವರ್ಷ ಫೀಸಿನ ಅರ್ಧವನ್ನಷ್ಟೇ ಗುರಿಯಾಗಿಟ್ಟುಕೊಳ್ಳಿ. ಉಳಿದರ್ಧವನ್ನು ಎರಡು ಕಂತಿನಲ್ಲಿ ಕಟ್ಟುತ್ತೇವೆಂದು ಏಪ್ರಿಲ್‌ನಲ್ಲೇ ಶಾಲೆಯ ಕಚೇರಿಗೆ ಹೋಗಿ ಮಾತಾಡಿ, ಒಪ್ಪಿದ ತಾರೀಖುಗಳನ್ನು ಬರೆಸಿಕೊಂಡು ಬನ್ನಿ.